ಫ್ಯೂಜಿ ಬೆಟ್ಟದ ಕಲ್ಲುಮನೆಯಲ್ಲಿ ಒಂದು ರಾತ್ರಿ

ಜಪಾನಿನ ಖ್ಯಾತ ಚಿತ್ರಕಾರ ಹೊಕುಸಾಯ್ 1830ರ ದಶಕದ ಆರಂಭದಲ್ಲಿ ಫ್ಯೂಜಿ ಪರ್ವತವನ್ನು ಕುರಿತ ಮರದಚ್ಚಿನ ಚಿತ್ರಮಾಲೆಯೊಂದನ್ನು ಹೊರತಂದ. ಅದರ ಹೆಸರು ‘ಫ್ಯೂಜಿಯ ಮೂವತ್ತಾರು ನೋಟಗಳು’. ಜನ ಮುಗಿಬಿದ್ದು ಕೊಂಡದ್ದರಿಂದ ಮೂವತ್ತಾರು ನಲವತ್ತಾರಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಈ ಚಿತ್ರಗಳಲ್ಲೆಲ್ಲ ಫ್ಯೂಜಿ ದೂರದ ಬೆಟ್ಟ. ಒಮ್ಮೆ ಸಮುದ್ರದ ಭಾರಿ ಅಲೆಯಡಿ ಪುಟ್ಟದಾಗಿ, ಮತ್ತೊಮ್ಮೆ ಪೀಪಾಯಿ ಮಾಡುವವನ ದುಂಡು ಚೌಕಟ್ಟಿನೊಳಗಿಂದ, ಇನ್ನೊಮ್ಮೆ ಮರ ಕೊಯ್ಯುವವರ ದಿಮ್ಮಿಯ ಕೆಳಗಿನಿಂದ ಅದು ಇಣುಕುತ್ತದೆ. ಒಂದು ಚಿತ್ರದಲ್ಲಿ ಮಾತ್ರ ಬೆಟ್ಟದ ಆಕಾರವೇ ಕಾಣದು. ಏಕೆಂದರೆ ಅದರಲ್ಲಿ ಚಿತ್ರಕಾರ ನಮ್ಮನ್ನು ಬೆಟ್ಟದ ಮೈಮೇಲೇ ತಂದು ನಿಲ್ಲಿಸಿದ್ದಾನೆ. ಕೆಂಪು ಬಂಡೆಗಳ ನಡುವೆ ಏಣಿ ಹಿಡಿದು ಹತ್ತುವ ಯಾತ್ರಿಕರು, ದಣಿದು ಕೋಲಿಗೆ ಒರಗಿದವರು, ಮೇಲೆ ಬಲಗಡೆಯ ಗವಿಯೊಂದರಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಮುದುಡಿ ಕುಳಿತ ಹತ್ತಾರು ಮಂದಿ.

ಆ ಗವಿಯೊಳಗಿನ ಜನ ಅಲ್ಲಿ ಕುಳಿತಿದ್ದಾದರೂ ಏಕೆ?

ಬೆಟ್ಟದ ಮೇಲೆ ಇರುಳು ಕಳೆದು, ಸೂರ್ಯ ಹುಟ್ಟುವುದನ್ನು ಕಾಣಲೆಂದು. ಜಪಾನಿನಲ್ಲಿ ಶತಮಾನಗಳಿಂದ ನಡೆದುಬಂದ ಪದ್ಧತಿ ಇದು. ಸಂಜೆಯ ಹೊತ್ತಿಗೆ ಬೆಟ್ಟದ ಮುಕ್ಕಾಲು ಭಾಗ ಏರುವುದು, ಕಲ್ಲುಮನೆಯೊಂದರಲ್ಲಿ ನಾಲ್ಕಾರು ಗಂಟೆ ಮೈಚೆಲ್ಲುವುದು, ನಡುರಾತ್ರಿ ಕಳೆದ ಮೇಲೆ ಎದ್ದು ಕತ್ತಲಲ್ಲೇ ಶಿಖರ ಮುಟ್ಟುವುದು. ಇಂದಿಗೂ ಫ್ಯೂಜಿ ಏರುವ ಬಹುಮಂದಿ ಅನುಸರಿಸುವ ಕ್ರಮ ಇದೇ.

ಫ್ಯೂಜಿಯ ಎತ್ತರ 3776 ಮೀಟರ್. ಆ ಅಂದವಾದ ಶಂಕುವಿನ ಆಕಾರವನ್ನು ಕಂಡವರು ಅದೊಂದು ಜ್ವಾಲಾಮುಖಿ ಎಂಬುದನ್ನು ಮರೆತುಬಿಡುವುದುಂಟು. ಕ್ರಿ.ಶ. 864ರಲ್ಲಿ ಅದು ಕಾರಿದ ಲಾವಾ ಬುಡದಲ್ಲಿದ್ದ ದೊಡ್ಡ ಸರೋವರವನ್ನು ತುಂಬಿ ಎರಡಾಗಿ ಒಡೆಯಿತು. ಆ ಲಾವಾದ ಮೇಲೆಯೇ ಈಗ ಅಓಕಿಗಹರ ಎಂಬ ದಟ್ಟ ಕಾಡು ಬೆಳೆದು ನಿಂತಿದೆ. ಕೊನೆಯ ಸಲ ಅದು ಸಿಡಿದದ್ದು 1707ರ ಡಿಸೆಂಬರ್‌ನಲ್ಲಿ. ಅದಕ್ಕೆ 49 ದಿನ ಮೊದಲು ಭೀಕರ ಭೂಕಂಪವಾಗಿತ್ತು. ಎರಡು ವಾರಗಳಷ್ಟು ಕಾಲ ಉಗುಳಿದ ಬೂದಿ ನೂರು ಕಿಲೋಮೀಟರ್ ದೂರದ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಬೀದಿಗಳ ಮೇಲೂ ಸುರಿಯಿತು. ಅಲ್ಲಿಂದೀಚೆಗೆ ಬೆಟ್ಟ ಸುಮ್ಮನಿದೆ. ಭೂವಿಜ್ಞಾನಿಗಳು ಇದನ್ನು ಸತ್ತ ಜ್ವಾಲಾಮುಖಿ ಎನ್ನುವುದಿಲ್ಲ, ಸಕ್ರಿಯ ಎಂದೇ ಪಟ್ಟಿ ಮಾಡಿದ್ದಾರೆ.

ಹಿಂದಿನವರಿಗೆ ಇದು ದೂರದಿಂದಲೇ ಕೈಮುಗಿಯುವ ಬೆಟ್ಟವಾಗಿತ್ತು. ಬೆಂಕಿಯ ದೇವತೆಯ ಕೋಪ ತಣಿಯಲೆಂದು ಬುಡದಲ್ಲಿ ಸೆಂಗೆನ್ ದೇವಾಲಯಗಳು ಎದ್ದವು. ಹನ್ನೆರಡನೆಯ ಶತಮಾನದ ಹೊತ್ತಿಗೆ ಬೆಟ್ಟ ಕೊಂಚ ಶಾಂತವಾದಾಗ ತಪಸ್ವಿಗಳು ಮೇಲೇರತೊಡಗಿದರು. 1149ರಲ್ಲಿ ಮತ್ಸುದಾಯ್ ಎಂಬ ಭಿಕ್ಷು ಶಿಖರದಲ್ಲಿ ದಾಯ್‌ನಿಚಿಯ ಗುಡಿ ಕಟ್ಟಿದ. ದಾಯ್‌ನಿಚಿ ಎಂದರೆ ಮತ್ತಾರೂ ಅಲ್ಲ, ಬೌದ್ಧರ ಮಹಾವೈರೋಚನ. ಸೂರ್ಯನಂತೆ ಎಲ್ಲೆಡೆ ಬೆಳಗುವ ಬುದ್ಧ. ಶಿಖರದ ಕುಳಿಯ ಸುತ್ತ ಎದ್ದ ಎಂಟು ಕೋಡುಗಳನ್ನು ಎಂಟು ದಳದ ಕಮಲವೆಂದು ಕಂಡರು. ನಮ್ಮ ಅಷ್ಟದಳ ಪದ್ಮ ಚೀನಾದ ಮಾರ್ಗವಾಗಿ ಜಪಾನಿನ ಬೆಂಕಿಬೆಟ್ಟದ ತುದಿಯಲ್ಲಿ ಅರಳಿದ್ದು ಹೀಗೆ! ಯಾತ್ರಿಕರು ಹಿಡಿಯುವ ಎಂಟು ಮೂಲೆಯ ಊರುಗೋಲಿಗೂ ವಜ್ರದಂಡ ಎಂಬರ್ಥದ ಹೆಸರಿದೆ. ಹತ್ತುವಾಗ ಅವರು ಗುಂಪಾಗಿ ಹೇಳಿಕೊಳ್ಳುವ ‘ರೊಕ್ಕೋನ್ ಶೋಜೋ’ ಎಂಬ ಘೋಷದ ಅರ್ಥ ಆರು ಇಂದ್ರಿಯಗಳೂ ಶುದ್ಧವಾಗಲಿ ಎಂದು. ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಇವುಗಳ ಜತೆಗೆ ಆರನೆಯದಾಗಿ ಮನಸ್ಸು. ಪಾಲಿ, ಸಂಸ್ಕೃತ ಗ್ರಂಥಗಳನ್ನು ಬಲ್ಲವರಿಗೆ ಈ ಲೆಕ್ಕ ಹೊಸತಲ್ಲ.

ಫ್ಯೂಜಿಯ ಮೇಲಿನ ಸೂರ್ಯೋದಯಕ್ಕೆ ಜಪಾನೀಯರು ‘ಗೊರಾಯ್ಕೊ’ ಎನ್ನುತ್ತಾರೆ. ಆಗಮಿಸುವ ಬೆಳಕು ಎಂದು ಅದರ ಅರ್ಥ. ಆದರೆ ಇದು ಮೊದಲಿದ್ದ ಮಾತಲ್ಲ. ಮೊದಲಿನದು ‘ಗೊರಾಯ್ಗೊ’. ಭಕ್ತನ ಅಂತ್ಯಕಾಲದಲ್ಲಿ ಅಮಿಡ ಬುದ್ಧ, ಅಂದರೆ ಅಮಿತಾಭ, ತನ್ನ ಪರಿವಾರದೊಡನೆ ಮೋಡಗಳ ಮೇಲೆ ಇಳಿದುಬಂದು ಅವನನ್ನು ಕರೆದೊಯ್ಯುತ್ತಾನೆ ಎಂಬ ನಂಬಿಕೆಗೆ ಆ ಹೆಸರು. ಅದು ಬೆಟ್ಟಕ್ಕೆ ಅಂಟಿಕೊಂಡ ಬಗೆ ಕುತೂಹಲಕರವಾಗಿದೆ. ಎತ್ತರದ ಏಣಿನ ಮೇಲೆ ನಿಂತವನ ಬೆನ್ನ ಹಿಂದೆ ಸೂರ್ಯ ಆಗತಾನೆ ಮೂಡಿರುತ್ತಾನೆ, ಎದುರಿಗೆ ಮಂಜಿನ ಮೋಡ ಹಬ್ಬಿರುತ್ತದೆ. ಆಗ ಆ ಮೋಡದ ಮೇಲೆ ಮಸುಕಾದ ದೊಡ್ಡ ಆಕೃತಿಯೊಂದು ಕಾಣಿಸಿಕೊಳ್ಳುತ್ತದೆ. ಅದರ ತಲೆಯ ಸುತ್ತ ಬಣ್ಣಬಣ್ಣದ ಉಂಗುರಗಳು. ದೇವರ ಚಿತ್ರಗಳಲ್ಲಿ ಕಾಣುವ ಪ್ರಭಾವಳಿಯಂತೆಯೇ! ರಾತ್ರಿಯೆಲ್ಲ ಚಳಿಯಲ್ಲಿ ನಡುಗಿ, ಅರೆಹೊಟ್ಟೆಯಲ್ಲಿ ಹತ್ತಿಬಂದ ಯಾತ್ರಿಕ ಅದನ್ನು ಅಮಿತಾಭನೆಂದು ತಿಳಿದು ಅಡ್ಡಬಿದ್ದರೆ ಆಶ್ಚರ್ಯವೇನು?

ಜರ್ಮನಿಯ ಬ್ರಾಕನ್ ಬೆಟ್ಟದಲ್ಲಿ ಕಂಡ ಇದೇ ದೃಶ್ಯವನ್ನು 1780ರಲ್ಲಿ ಸಿಲ್ಬರ್‌ಶ್ಲಾಗ್ ಎಂಬ ಪಾದ್ರಿ ವಿವರಿಸಿದ. ಯುರೋಪಿನವರು ಅದಕ್ಕೆ ಬ್ರಾಕನ್ ಭೂತ ಎಂದು ಹೆಸರಿಟ್ಟರು. ಒಂದೇ ನೆರಳು ಅಲ್ಲಿ ಭೂತ, ಇಲ್ಲಿ ಬುದ್ಧ. ಮಂಜಿನ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದರಿಂದ ಈ ಉಂಗುರಗಳು ಉಂಟಾಗುತ್ತವೆ ಎಂದು ವಿಜ್ಞಾನ ಹೇಳುತ್ತದೆ. ಹತ್ತು ಮಂದಿ ಸಾಲಾಗಿ ನಿಂತಿದ್ದರೂ ಪ್ರತಿಯೊಬ್ಬನಿಗೂ ಪ್ರಭಾವಳಿ ಕಾಣುವುದು ತನ್ನ ನೆರಳಿನ ತಲೆಯ ಸುತ್ತ ಮಾತ್ರ. ಪಕ್ಕದವನ ತಲೆಯ ಸುತ್ತ ಕಾಣದು. ಕಾಲಕ್ರಮದಲ್ಲಿ ಪಶ್ಚಿಮದ ಮೋಡದಲ್ಲಿ ಬುದ್ಧನನ್ನು ಹುಡುಕುತ್ತಿದ್ದ ಯಾತ್ರಿಕರು ಪೂರ್ವಕ್ಕೆ ತಿರುಗಿ ಸೂರ್ಯನನ್ನೇ ನೋಡತೊಡಗಿದರು. ಪದದ ಒಂದಕ್ಷರ ಬದಲಾಯಿತು.

ಎದೊ ನಗರದ ಸಾಮಾನ್ಯ ಜನ ಬೆಟ್ಟಕ್ಕೆ ಬರತೊಡಗಿದ್ದು ಹದಿನೆಂಟನೆಯ ಶತಮಾನದಲ್ಲಿ. ಇದರ ಹಿಂದೆ ಒಬ್ಬ ಎಣ್ಣೆ ವ್ಯಾಪಾರಿಯ ಸಾವಿದೆ. ಆತನ ಹೆಸರು ಜಿಕಿಗ್ಯೊ ಮಿರೊಕು. ಮಿರೊಕು ಎಂಬುದು ಮುಂದೆ ಬರಲಿರುವ ಬುದ್ಧ ಮೈತ್ರೇಯನ ಜಪಾನಿ ಹೆಸರು. 1732ರಲ್ಲಿ ಬೆಳೆ ಕೆಟ್ಟು ಕ್ಷಾಮ ಬಂತು. ಅಕ್ಕಿಯ ಬೆಲೆ ಏರಿ, ಮರುವರ್ಷದ ಆರಂಭದಲ್ಲಿ ಎದೊದ ಜನ ಅಕ್ಕಿ ವ್ಯಾಪಾರಿಯ ಮಳಿಗೆಯನ್ನೇ ಒಡೆದರು. ಅದೇ 1733ರ ಬೇಸಿಗೆಯಲ್ಲಿ ಮಿರೊಕು ಲೋಕದ ಹಿತಕ್ಕಾಗಿ ದೇಹ ಬಿಡುವುದಾಗಿ ಹೇಳಿ ಫ್ಯೂಜಿ ಏರಿದ. ಏಳನೆಯ ಹಂತಕ್ಕೂ ಎಂಟನೆಯದಕ್ಕೂ ನಡುವಿನ ಬಂಡೆಯೊಂದರ ಬಳಿ ಕುಳಿತು ಅನ್ನ ಬಿಟ್ಟ. 31 ದಿನ ಬದುಕಿದ್ದ. ದಿನವೂ ಅವನು ಆಡಿದ ಮಾತನ್ನು ಶಿಷ್ಯನೊಬ್ಬ ಬರೆದಿಟ್ಟುಕೊಂಡ. ಸಲ್ಲೇಖನವನ್ನು ಬಲ್ಲ ಓದುಗರಿಗೆ ಈ ಕಥೆ ತೀರ ಅಪರಿಚಿತವೆನಿಸದು. ಆದರೆ ಆತ ಹೇಳಿದ ಮಾತುಗಳು ಆ ಕಾಲಕ್ಕೆ ಬಹಳ ಹೊಸವು. ಪ್ರತಿಯೊಬ್ಬನೂ ತನ್ನ ಕಸುಬನ್ನು ಪ್ರಾಮಾಣಿಕವಾಗಿ ಮಾಡಿದರೆ ಸಾಕು, ಗಂಡು ಹೆಣ್ಣು ಸಮಾನ, ಮುಟ್ಟು ಮೈಲಿಗೆಯಲ್ಲ.

ಅವನ ಶಿಷ್ಯರು ಬೀದಿಬೀದಿಗೆ ‘ಫ್ಯೂಜಿ ಕೊ’ ಎಂಬ ಭಕ್ತ ಸಂಘಗಳನ್ನು ಕಟ್ಟಿದರು. ಎದೊದಲ್ಲಿ ಇಂಥ 808 ಸಂಘಗಳಿವೆ ಎಂಬುದು ಜನರ ಬಾಯಲ್ಲಿದ್ದ ಮಾತು. ಲೆಕ್ಕವೆಂದಲ್ಲ, ಅಪಾರ ಎಂಬರ್ಥದಲ್ಲಿ. ಇವು ನಡೆಯುತ್ತಿದ್ದುದು ಥೇಟ್ ನಮ್ಮ ಚೀಟಿಯಂತೆ. ಬಡಗಿ, ಮೀನು ಮಾರುವವ, ತೋಟದ ಮಾಲಿ, ಎಲ್ಲರೂ ಅಷ್ಟಿಷ್ಟು ಹಣ ಕಟ್ಟುವುದು. ವರ್ಷಕ್ಕೊಮ್ಮೆ ಚೀಟಿ ಎತ್ತುವುದು. ಹೆಸರು ಬಂದವರು ಎಲ್ಲರ ಪರವಾಗಿ ಬೆಟ್ಟಕ್ಕೆ ಹೋಗಿಬರುವುದು. ಬುಡದ ಕಮಿಯೊಶಿದ ಊರಿನಲ್ಲಿ ಇವರನ್ನು ಇಳಿಸಿಕೊಳ್ಳಲು ‘ಒಶಿ’ ಎಂಬ ಪುರೋಹಿತರ ಮನೆಗಳಿದ್ದವು. ಊಟ, ಹಾಸಿಗೆ, ಪೂಜೆ, ದಾರಿ ತೋರಿಸುವವ, ಎಲ್ಲ ಅಲ್ಲೇ. ತೀರ್ಥಕ್ಷೇತ್ರಗಳ ಪುರೋಹಿತರ ಮನೆಯಲ್ಲಿ ಉಳಿದವರಿಗೆ ಇದರ ವರ್ಣನೆ ಬೇಕಿಲ್ಲ.

ಅಲ್ಲಿಂದ ಮೇಲಕ್ಕೆ ದಾರಿಯನ್ನು ಹತ್ತು ಹಂತಗಳಾಗಿ ವಿಂಗಡಿಸಿದ್ದಾರೆ. ಏಳು ಮತ್ತು ಎಂಟನೆಯ ಹಂತಗಳಲ್ಲಿ ಸಾಲಾಗಿ ಕಲ್ಲುಮನೆಗಳು. ಲಾವಾ ಕಲ್ಲುಗಳನ್ನೇ ಗೋಡೆಗೆ ಒಟ್ಟಿ, ಗಾಳಿಗೆ ಹಾರಿಹೋಗದಂತೆ ಚಾವಣಿಯ ಮೇಲೂ ಕಲ್ಲು ಹೇರಿದ ತಗ್ಗು ಮನೆಗಳು. ಒಳಗೆ ಜನ ಬುಟ್ಟಿಯೊಳಗಿನ ಮೀನಿನಂತೆ ಒತ್ತಾಗಿ ಮಲಗಬೇಕು. ಮೇಲಿನ ಬೋಳು ಇಳಿಜಾರಿನಲ್ಲಿ ಗಾಳಿಗೆ ತಡೆಯೇ ಇಲ್ಲ. ಆಗಸ್ಟ್ ತಿಂಗಳಲ್ಲೂ ಶಿಖರದ ಸರಾಸರಿ ಉಷ್ಣತೆ 6 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಈಗ ಇಲ್ಲಿ ಡೇರೆ ಹಾಕುವುದೂ ನಿಷಿದ್ಧ. ಇರುಳು ಕಳೆಯಬೇಕೆಂದರೆ ಈ ಮನೆಗಳೇ ಗತಿ.

ಯೊಶಿದ ದಾರಿ ಬೆಟ್ಟದ ಈಶಾನ್ಯ ಮಗ್ಗುಲಲ್ಲಿರುವುದರಿಂದ ಅಲ್ಲಿ ಉಳಿದವರಿಗೆ ಸಂಜೆ ಸೂರ್ಯ ಮುಳುಗುವುದು ಕಾಣದು. ಅದು ಬೆನ್ನ ಹಿಂದಿನ ಶಿಖರದಾಚೆ ನಡೆದುಹೋಗುತ್ತದೆ. ಬದಲಿಗೆ ಕಾಣುವುದು ಫ್ಯೂಜಿಯ ನೆರಳು. ಕೆಳಗಿನ ಸರೋವರ, ಕಾಡು, ಮೋಡಗಳ ಮೇಲೆ ನೀಲಿ ತ್ರಿಕೋನವೊಂದು ಮೆಲ್ಲಗೆ ಪೂರ್ವಕ್ಕೆ ಚಾಚುತ್ತ ಹೋಗಿ ಕೊನೆಗೆ ಬಾನಂಚಿನ ಮಬ್ಬಿನಲ್ಲಿ ಕರಗುತ್ತದೆ. ಬೆಳಗಿನಲ್ಲಿ ಅದೇ ನೆರಳು ಪಶ್ಚಿಮದ ಕಡೆ ಬೀಳುತ್ತದೆ. ಅದನ್ನು ನೋಡಲು ಕುಳಿಯ ಆಚೆ ದಂಡೆಗೆ ಹೋಗಬೇಕು. ಶಿಖರದಿಂದ ದಿಗಂತ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದ್ದರಿಂದ ಸಮುದ್ರ ತೀರದವರಿಗಿಂತ ಕೆಲವು ನಿಮಿಷ ಮೊದಲೇ ಇಲ್ಲಿದ್ದವರಿಗೆ ಸೂರ್ಯದರ್ಶನ.

ಈ ದರ್ಶನದ ಭಾಗ್ಯ ಹೆಂಗಸರಿಗಿರಲಿಲ್ಲ. ಕೆಳಗಿನ ಹಂತಗಳಲ್ಲೇ ಅವರನ್ನು ತಡೆದು ನಿಲ್ಲಿಸುತ್ತಿದ್ದರು. 60 ವರ್ಷಕ್ಕೊಮ್ಮೆ ಮರಳುವ ಸಂವತ್ಸರವೊಂದರಲ್ಲಿ ಈ ಬೆಟ್ಟ ಉದ್ಭವಿಸಿತೆಂಬ ಐತಿಹ್ಯವಿದ್ದುದರಿಂದ, ಆ ವರ್ಷ ಮಾತ್ರ ನಿಯಮ ಕೊಂಚ ಸಡಿಲವಾಗುತ್ತಿತ್ತು. 1800 ಮತ್ತು 1860 ಅಂಥ ವರ್ಷಗಳು. ಉಳಿದ ಹೆಂಗಸರು, ಮುದುಕರು, ಮಕ್ಕಳಿಗಾಗಿ ಮಿರೊಕುವಿನ ಶಿಷ್ಯನಾದ ತೋಟದ ಕಸುಬಿನವನೊಬ್ಬ 1779ರಲ್ಲಿ ಎದೊದಲ್ಲೇ ಮಣ್ಣುಗುಡ್ಡವೊಂದನ್ನು ಎಬ್ಬಿಸಿ, ಫ್ಯೂಜಿಯಿಂದ ತಂದ ಲಾವಾ ಕಲ್ಲನ್ನು ಅದಕ್ಕೆ ಹೊದಿಸಿದ. ಇಂಥ ಮರಿಫ್ಯೂಜಿಗಳು ಆಮೇಲೆ ನಗರದಲ್ಲಿ ಎಷ್ಟೋ ಎದ್ದವು. ಕೆಲವು ಟೋಕಿಯೊದಲ್ಲಿ ಈಗಲೂ ಇವೆ.

ಮರಿಬೆಟ್ಟದಿಂದ ತೃಪ್ತಿಪಡದ ಹೆಣ್ಣೊಬ್ಬಳಿದ್ದಳು. ಆಕೆ ತಕಯಾಮ ತತ್ಸು. ಮಿರೊಕುವಿನ ಪಂಥಕ್ಕೆ ಸೇರಿದ ಸಂಶಿ ಎಂಬ ಗುರು, ತಾವು ಸಾರುವ ಸಮಾನತೆ ಬರೀ ಬಾಯಿಮಾತಾಗಬಾರದೆಂದು 1832ರ ಶರತ್ಕಾಲದಲ್ಲಿ ಆಕೆಗೆ ಗಂಡುಡುಗೆ ತೊಡಿಸಿ ಬೆಟ್ಟಕ್ಕೆ ಕರೆದೊಯ್ದ. ಯಾತ್ರೆಯ ಕಾಲ ಮುಗಿದಿತ್ತು, ಮೇಲೆ ಹಿಮ ಬಿದ್ದಿತ್ತು. ಜನರ ಕಣ್ಣು ತಪ್ಪಿಸಲು ಅದೇ ಅನುಕೂಲ. ಆಕೆ ಶಿಖರ ಮುಟ್ಟಿದಳು. ಫ್ಯೂಜಿಯ ತುದಿ ಮುಟ್ಟಿದಳೆಂದು ದಾಖಲೆಯಿರುವ ಮೊದಲ ಮಹಿಳೆ ಈಕೆಯೇ. 1860ರಲ್ಲಿ ಬ್ರಿಟಿಷ್ ರಾಯಭಾರಿ ರುದರ್‌ಫರ್ಡ್ ಆಲ್ಕಾಕ್ ಹತ್ತಿದ. 1867ರಲ್ಲಿ ಅವನ ನಂತರದ ರಾಯಭಾರಿ ಹ್ಯಾರಿ ಪಾರ್ಕ್ಸ್‌ನ ಹೆಂಡತಿಯೂ ಹತ್ತಿದಳು. ವಿದೇಶಿ ಹೆಂಗಸೊಬ್ಬಳು ಹಾಡಹಗಲೇ ಹತ್ತಿದ ಬೆಟ್ಟಕ್ಕೆ ಆ ನಾಡಿನ ಹೆಣ್ಣುಮಕ್ಕಳು ಇನ್ನೂ ಐದು ವರ್ಷ ಕಾಯಬೇಕಾಯಿತು! 1872ರಲ್ಲಿ ಸರ್ಕಾರ ನಿಷೇಧವನ್ನು ತೆಗೆದುಹಾಕಿತು.

ಹೆಂಗಸರಿಗೆ ಬಾಗಿಲು ತೆರೆದ ಆ ಸರ್ಕಾರವೇ ಬುದ್ಧನನ್ನು ಹೊರಹಾಕಿತು. ಶಿಂತೊ ಮತ್ತು ಬೌದ್ಧ ಧರ್ಮಗಳನ್ನು ಬೇರ್ಪಡಿಸಬೇಕೆಂಬ 1868ರ ಆಜ್ಞೆ ಬೆಟ್ಟಕ್ಕೂ ತಲುಪಿ, 1874ರಲ್ಲಿ ಶಿಖರದ ವಿಗ್ರಹಗಳನ್ನು ಕಿತ್ತರು. ಕೋಡುಗಳ ಬೌದ್ಧ ಹೆಸರುಗಳನ್ನು ಬದಲಿಸಿದರು. ತಲೆಯಿಲ್ಲದ ಕಲ್ಲುಬುದ್ಧರು ದಾರಿಯ ಬದಿ ಉಳಿದರು. ಯಾತ್ರಿಕರು ಮಾತ್ರ ಬರುತ್ತಲೇ ಇದ್ದರು.

1964ರಲ್ಲಿ ಐದನೆಯ ಹಂತದವರೆಗೆ, ಅಂದರೆ 2300 ಮೀಟರ್ ಎತ್ತರದವರೆಗೆ, ಡಾಂಬರು ರಸ್ತೆ ಬಂತು. ಬುಡದಿಂದ ನಡೆಯುವ ಹಳೆಯ ದಾರಿಯ ಚಹದಂಗಡಿಗಳು ಒಂದೊಂದಾಗಿ ಮುಚ್ಚಿದವು. ಬಸ್ಸಿಳಿದರೆ ಅರ್ಧ ಬೆಟ್ಟ ಮುಗಿದಂತೆಯೇ. 2013ರಲ್ಲಿ ಯುನೆಸ್ಕೊ ಫ್ಯೂಜಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಸರ್ಗ ತಾಣವೆಂದಲ್ಲ, ಶ್ರದ್ಧೆಯ ತಾಣ, ಕಲೆಯ ಸ್ಫೂರ್ತಿ ಎಂದು. ಎರಡು ತಿಂಗಳ ಬೇಸಿಗೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹತ್ತುವಂತಾದಾಗ ಸೂರ್ಯೋದಯದ ಮುಂಚಿನ ಗಂಟೆಯಲ್ಲಿ ಶಿಖರದ ಕೆಳಗಿನ ದಾರಿ ಜಾತ್ರೆಯ ತೇರುಬೀದಿಯಾಯಿತು. ತಲೆಗೆ ಕಟ್ಟಿದ ದೀಪಗಳ ಸಾಲು ಹೆಜ್ಜೆಹೆಜ್ಜೆಗೂ ನಿಂತು ನಿಂತು ಸಾಗಬೇಕು. ಎಷ್ಟೋ ಮಂದಿಗೆ ಸೂರ್ಯ ಹುಟ್ಟುವುದು ನಡುದಾರಿಯಲ್ಲೇ.

ಇವರಿಗಿಂತ ಚಿಂತೆಗಿಟ್ಟುಕೊಂಡದ್ದು ಮತ್ತೊಂದು ಬಗೆಯವರಿಂದ. ಕಲ್ಲುಮನೆಯ ಬಾಡಿಗೆ ಉಳಿಸಲೆಂದೋ, ಜಾಗ ಸಿಗದೆಯೋ, ರಾತ್ರಿ ಬಸ್ಸಿಳಿದು ನಿದ್ದೆಯಿಲ್ಲದೆ ಒಂದೇ ಉಸಿರಿಗೆ ತುದಿ ಮುಟ್ಟಿ ಇಳಿಯುವವರು. ಜಪಾನೀಯರು ಇದಕ್ಕೆ ಬಂದೂಕಿನ ಗುಂಡಿನ ಹೆಸರಿಟ್ಟಿದ್ದಾರೆ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೆಯ ಎರಡು ಪಾಲು ಮಾತ್ರ. ದೇಹ ಅದಕ್ಕೆ ಒಗ್ಗಲು ಕೆಲವು ಗಂಟೆಗಳ ವಿಶ್ರಾಂತಿ ಬೇಕು. ಅದಿಲ್ಲದೆ ಹತ್ತಿದವರಿಗೆ ತಲೆನೋವು, ವಾಂತಿ. ಬೆವರಿನಲ್ಲಿ ನೆನೆದ ತೆಳು ಅಂಗಿಯಲ್ಲಿ ಕಾಯುತ್ತ ಕುಳಿತರೆ ಮೈ ಸೆಡೆತು ಪ್ರಾಣಕ್ಕೇ ಅಪಾಯ. ಕಲ್ಲುಮನೆಯಲ್ಲಿ ಇರುಳು ತಂಗುವ ಹಳೆಯ ಪದ್ಧತಿ ಭಕ್ತಿಯಷ್ಟೇ ಅಲ್ಲ, ಆರೋಗ್ಯದ ಲೆಕ್ಕವೂ ಹೌದೆಂಬುದು ಹೀಗೆ ಹೊಸದಾಗಿ ಅರಿವಿಗೆ ಬಂತು.

2024ರ ಜುಲೈ 1ರಂದು ಯೊಶಿದ ದಾರಿಯ ಐದನೆಯ ಹಂತದಲ್ಲಿ ಬಾಗಿಲೊಂದನ್ನು ನಿಲ್ಲಿಸಲಾಯಿತು. ದಿನಕ್ಕೆ 4000 ಮಂದಿಗೆ ಮಾತ್ರ ಪ್ರವೇಶ. ತಲೆಗೆ 2000 ಯೆನ್ ಶುಲ್ಕ. ಸಂಜೆ ನಾಲ್ಕರಿಂದ ಬೆಳಗಿನ ಜಾವ ಮೂರರವರೆಗೆ ಬಾಗಿಲು ಬಂದ್. ಮೇಲಿನ ಮನೆಗಳಲ್ಲಿ ಜಾಗ ಕಾದಿರಿಸಿದವರಿಗೆ ಮಾತ್ರ ವಿನಾಯಿತಿ. 2025ರಲ್ಲಿ ಶುಲ್ಕ 4000 ಯೆನ್‌ಗೆ ಏರಿತು, ಬಾಗಿಲು ಮಧ್ಯಾಹ್ನ ಎರಡಕ್ಕೇ ಮುಚ್ಚತೊಡಗಿತು. ದಕ್ಷಿಣದ ಶಿಜುವೊಕ ಪ್ರಾಂತದ ದಾರಿಗಳಲ್ಲೂ ಅಷ್ಟೇ ಶುಲ್ಕ ಬಂತು. ಬೆಟ್ಟಕ್ಕೆ ಸುಂಕವೇ ಎಂದು ಗೊಣಗುವವರಿಗೆ ಇತಿಹಾಸದಲ್ಲಿ ಉತ್ತರವಿದೆ. ಎದೊ ಕಾಲದ ಯಾತ್ರಿಕರೂ ದಾರಿಯಲ್ಲಿ ಕಾಣಿಕೆ ತೆತ್ತೇ ಮೇಲೇರುತ್ತಿದ್ದರು. ಆದರೆ ಚೀಟಿ ಎತ್ತಿ ಹೋಗುತ್ತಿದ್ದ ಬಡಗಿಗೆ ಅವನ ಬೀದಿಯೇ ಹಣ ಕೂಡಿಸಿಕೊಡುತ್ತಿತ್ತು ಎಂಬ ವ್ಯತ್ಯಾಸವನ್ನೂ ಮರೆಯುವಂತಿಲ್ಲ.

ಯಾತ್ರೆಯ ಕಾಲದ ಮುಕ್ತಾಯಕ್ಕೆಂದು ಪ್ರತಿವರ್ಷ ಆಗಸ್ಟ್ 26ರ ಸಂಜೆ ಬುಡದ ಊರಿನಲ್ಲಿ ಬೆಂಕಿಯ ಹಬ್ಬ ನಡೆಯುತ್ತದೆ. ಈಗ ದಾರಿ ಸೆಪ್ಟೆಂಬರ್ 10ರವರೆಗೂ ತೆರೆದಿದ್ದರೂ ಹಬ್ಬದ ದಿನ ಬದಲಾಗಿಲ್ಲ. ಒಶಿಗಳ ಹಳೆಯ ಮನೆಗಳಿರುವ ಬೀದಿಯುದ್ದಕ್ಕೂ ಎರಡಾಳೆತ್ತರದ ಪಂಜುಗಳನ್ನು ನಿಲ್ಲಿಸಿ ಹೊತ್ತಿಸುತ್ತಾರೆ. ಅದೇ ಹೊತ್ತಿಗೆ ಮೇಲಿನ ಕಲ್ಲುಮನೆಗಳವರೂ ತಮ್ಮ ತಮ್ಮ ಬಾಗಿಲ ಮುಂದೆ ಬೆಂಕಿ ಹಚ್ಚುತ್ತಾರೆ. ಕೆಳಗೆ ನಿಂತವರಿಗೆ ಕತ್ತಲಲ್ಲಿ ಬೆಟ್ಟ ಕಾಣದಿದ್ದರೂ ಅದರ ಮೈಮೇಲಿನ ಬೆಂಕಿಯ ಚುಕ್ಕಿಗಳು ಕಾಣುತ್ತವೆ.