ಚಾಂಗಾನ್ ಹಾಸ್ಟೆಲಿನ ಹುಡುಗರು

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು, ಬೈಕೋಬೇಡಿ. ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಐದು ವಾರ ಚೀನಾದ ಶಿಯಾನ್‌ನಲ್ಲಿದ್ದೆ. ಒಂದು ಭಾನುವಾರ ಮಾಡೋಕೆ ಏನೂ ಇಲ್ಲದೆ ಶಿಂಗ್‌ಚಿಂಗ್ ಅನ್ನೋ ಪಾರ್ಕಿಗೆ ಹೋದರೆ ಅಲ್ಲೊಂದು ಬಿಳಿ ಕಲ್ಲಿನ ಸ್ಮಾರಕ. ಯಾವನೋ ರಾಜನದ್ದಿರಬೇಕು ಅಂದುಕೊಂಡೆ. ನೋಡಿದರೆ ಜಪಾನಿನಿಂದ ಓದೋಕೆ ಬಂದ ಹುಡುಗನದ್ದು! ಹೆಸರು ಆಬೆ ನೊ ನಕಮಾರೊ. 717ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ ಬಂದವನು. ಆಗ ಈ ಊರು ಚಾಂಗಾನ್, ತಾಂಗ್ ದೊರೆಗಳ ರಾಜಧಾನಿ. ಸ್ಮಾರಕ ನಿಲ್ಲಿಸಿದ್ದು 1979ರಲ್ಲಿ. ಅವತ್ತು ರಾತ್ರಿ ರೂಮಿನಲ್ಲಿ ಕೂತು ಇವನ ಬಗ್ಗೆ ಓದೋಕೆ ಶುರು ಮಾಡಿದವನು ಇನ್ನೂ ನಿಲ್ಲಿಸಿಲ್ಲ.

ಊರಿನ ಲೆಕ್ಕ ಕೇಳಿ. ಸುಮಾರು 84 ಚದರ ಕಿಲೋಮೀಟರ್, ಚದುರಂಗದ ಮಣೆಯ ಹಾಗೆ ನೂರಕ್ಕೂ ಹೆಚ್ಚು ಕೇರಿಗಳು, ಪ್ರತಿ ಕೇರಿಗೂ ಸುತ್ತ ಗೋಡೆ, ಬಾಗಿಲು. ಸಂಜೆ ನೂರಾರು ಏಟು ನಗಾರಿ ಬಾರಿಸಿ ಬಾಗಿಲು ಹಾಕಿಬಿಡೋರು. ಆಮೇಲೆ ದೊಡ್ಡ ಬೀದಿಯಲ್ಲಿ ಸಿಕ್ಕಿಬಿದ್ದರೆ ಇಪ್ಪತ್ತು ಏಟು, ಕಾನೂನಿನಲ್ಲೇ ಬರೆದಿತ್ತು. ನಮ್ಮ ಇಂಜಿನಿಯರಿಂಗ್ ಹಾಸ್ಟೆಲಿನ ವಾರ್ಡನ್ ಒಂಬತ್ತಕ್ಕೆ ಗೇಟ್ ಹಾಕಿದಾಗ ನಾವು ಎಷ್ಟು ಕೂಗಾಡಿದ್ದೆವು! ಇಲ್ಲಿ ಇಡೀ ರಾಜಧಾನಿಯೇ ಹಾಸ್ಟೆಲು. ವರ್ಷದ ಮೊದಲ ಹುಣ್ಣಿಮೆಯ ದೀಪದ ಹಬ್ಬಕ್ಕೆ ಮಾತ್ರ ಮೂರು ರಾತ್ರಿ ಬಾಗಿಲು ತೆಗೆದಿಡುತ್ತಿದ್ದರು. ಮನೆ ಬಿಟ್ಟು ಬಂದ ಹುಡುಗರು ಆ ಮೂರು ರಾತ್ರಿ ಮಲಗಿರಲಿಕ್ಕಿಲ್ಲ ಬಿಡಿ.

ಜಪಾನ್, ಕೊರಿಯಾದ ಸಿಲ್ಲಾ, ಟಿಬೆಟ್ ಎಲ್ಲ ಕಡೆಯಿಂದ ಹುಡುಗರು ರಾಜಧಾನಿಯ ವಿದ್ಯಾಲಯಕ್ಕೆ ಬರುತ್ತಿದ್ದರು. 837ರಲ್ಲಿ ಸಿಲ್ಲಾದವರೇ 216 ಮಂದಿ ಇದ್ದರು ಅಂತ ದಾಖಲೆ ಇದೆ. ಊಟ, ಬಟ್ಟೆ ಸರ್ಕಾರದ್ದು. ಹತ್ತು ದಿನಕ್ಕೊಂದು ರಜೆ, ರಜೆಯ ಮುಂಚೆ ಒಂದು ಟೆಸ್ಟು (ಇಂಟರ್ನಲ್ಸ್ ಅನ್ನೋದು ಎಷ್ಟು ಹಳೇ ಪೀಡೆ ನೋಡಿ :)). ಒಂಬತ್ತು ವರ್ಷ ಕೂತೂ ಪಾಸಾಗದಿದ್ದರೆ ಹೊರಗೆ. ಹಾಡು ಕುಣಿತ ಅಂತ ಮಜಾ ಮಾಡಿದರೂ ಹೊರಗೆ. ಆದರೆ ತಂತಿವಾದ್ಯ ನುಡಿಸೋದಕ್ಕೆ, ಬಿಲ್ಲುಗಾರಿಕೆಗೆ ಅಡ್ಡಿಯಿರಲಿಲ್ಲ. ಐದನೇ ತಿಂಗಳಲ್ಲಿ ಹೊಲದ ಕೆಲಸಕ್ಕೆ, ಒಂಬತ್ತನೇ ತಿಂಗಳಲ್ಲಿ ಚಳಿಗಾಲದ ಬಟ್ಟೆ ತರೋದಕ್ಕೆ ಅಂತ ಊರಿಗೆ ಹೋಗೋ ರಜೆ ಬೇರೆ. ಸಮುದ್ರದಾಚೆಯವನು ಆ ರಜೆ ಇಟ್ಟುಕೊಂಡು ಏನು ಮಾಡಬೇಕು?

ಮಾಡೋಕೆ ಊರು ಇತ್ತಲ್ಲ. ಮಧ್ಯಾಹ್ನ ಮುನ್ನೂರು ಏಟು ನಗಾರಿ ಬಿದ್ದ ಮೇಲೆ ಪೇಟೆ ತೆರೆಯುತ್ತಿತ್ತು. ಪಶ್ಚಿಮದ ಪೇಟೆಯಲ್ಲಿ ಸಮರ್ಕಂಡ್ ಕಡೆಯ ವ್ಯಾಪಾರಿಗಳು, ಎಳ್ಳು ಹಾಕಿದ ಬಿಸಿ ರೊಟ್ಟಿ, ದ್ರಾಕ್ಷಿ ಮದ್ಯ. ದಕ್ಷಿಣದಲ್ಲಿ ಕೆರೆ, ತೋಟ. ಪಕ್ಕದಲ್ಲೇ ದೊಡ್ಡ ಕಾಡುಬಾತುಕೋಳಿ ಗೋಪುರ. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟನಲ್ಲ ಹ್ಯೂಯೆನ್ ತ್ಸಾಂಗ್, ಅವನು ಭಾರತದಿಂದ ಹೊತ್ತು ತಂದ ಗ್ರಂಥಗಳನ್ನಿಡೋಕೆ 652ರಲ್ಲಿ ಕಟ್ಟಿದ್ದು. ದೊಡ್ಡ ಪರೀಕ್ಷೆ ಪಾಸಾದವರು ಕೆರೆ ದಂಡೆಯಲ್ಲಿ ಪಾರ್ಟಿ ಮಾಡಿ, ಅಲ್ಲಿ ಹೆಸರು ಬರೆದು ಬರುತ್ತಿದ್ದರು.

ಎಲ್ಲರಿಗೂ ಇದು ಒಗ್ಗಲಿಲ್ಲ. ನನಗೆ ತುಂಬಾ ಹತ್ತಿರ ಅನಿಸಿದವನು ತಚಿಬಾನಾ ನೊ ಹಯನಾರಿ. 804ರಲ್ಲಿ ಬಂದವನಿಗೆ ಭಾಷೆ ಬಾಯಿಗೆ ಬರಲೇ ಇಲ್ಲ. ಸರ್ಕಾರ ಕೊಡೋದು ಹೊಟ್ಟೆಗೇ ಸಾಲದು, ಗುರುಗಳಿಗೆ ಕೊಡೋಕೆ ಎಲ್ಲಿಂದ ತರಲಿ, ವಾಪಸ್ ಕಳಿಸಿ ಅಂತ ಅರ್ಜಿ ಹಾಕಿದ. ಅರ್ಜಿ ಬರೆದುಕೊಟ್ಟವನು ಜೊತೆಗೆ ಬಂದಿದ್ದ ಭಿಕ್ಷು ಕೂಕಾಯ್. ಅವನೋ, ನಾಲಂದದಲ್ಲಿ ಓದಿದ್ದ ಪ್ರಜ್ಞ ಅನ್ನೋ ಭಿಕ್ಷುವಿನಿಂದ ಇದೇ ಊರಿನಲ್ಲಿ ಸಂಸ್ಕೃತ ಕಲಿಯುತ್ತಿದ್ದ ಜಾಣ. ಮಾತು ಬಾರದ ಹಯನಾರಿ ಮಾತೇ ಬೇಡದ ಎರಡು ವಿದ್ಯೆ ಹಿಡಿದ, ತಂತಿವಾದ್ಯ ಮತ್ತು ಕೈಬರಹ. 806ರಲ್ಲಿ ಊರಿಗೆ ಹೋದ. ಜಪಾನಿನ ಮೂವರು ಮಹಾ ಲಿಪಿಕಾರರಲ್ಲಿ ಅವನೊಬ್ಬ, ಕೂಕಾಯ್ ಇನ್ನೊಬ್ಬ. ಮೊದಲ ವಾರ ಮೀಟಿಂಗಿನಲ್ಲಿ ಏನೂ ತಿಳಿಯದೆ ತಲೆಯಾಡಿಸುತ್ತಾ ಕೂತಿದ್ದ ನನಗೆ ಇದನ್ನೋದಿ ಸ್ವಲ್ಪ ಧೈರ್ಯ ಬಂತು.

ಸಿಲ್ಲಾದ ಚೋಯ್ ಚಿವೋನ್ ಕಥೆ ಬೇರೆ. 868ರಲ್ಲಿ ಹಡಗು ಹತ್ತಿದಾಗ ವಯಸ್ಸು ಹನ್ನೆರಡು. ಹತ್ತು ವರ್ಷದಲ್ಲಿ ಪಾಸಾಗದಿದ್ದರೆ ನೀನು ನನ್ನ ಮಗನೇ ಅಲ್ಲ ಅಂದಿದ್ದನಂತೆ ಅಪ್ಪ. ಹುಡುಗ 874ಕ್ಕೇ ಪಾಸು. ಅಲ್ಲೇ ನೌಕರಿ, ಹೆಸರು ಎಲ್ಲ ಮಾಡಿ 885ರಲ್ಲಿ ಊರಿಗೆ ಹೋದರೆ, ಅಲ್ಲಿ ಹುಟ್ಟಿನ ದರ್ಜೆ ನೋಡಿಯೇ ಹುದ್ದೆ. ಇವನ ದರ್ಜೆಗೆ ಮೇಲಿನ ಬಾಗಿಲು ಮುಚ್ಚಿತ್ತು. ಕೊನೆಗೆ ಎಲ್ಲ ಬಿಟ್ಟು ಬೆಟ್ಟದ ಮಠ ಸೇರಿದ. ಪಾಸಾಗು ಅಂದ ಅಪ್ಪನಿಗೆ ಇದು ಮೊದಲೇ ಗೊತ್ತಿರಲಿಲ್ಲವೇ ಅನ್ನೋದು ನನ್ನ ತಕರಾರು.

ಇನ್ನು ನಮ್ಮ ಪಾರ್ಕಿನ ನಕಮಾರೊ. ಅಲ್ಲೇ ಅಧಿಕಾರಿಯಾದ, ಕವಿ ಲಿ ಬಾಯ್‌ಗೆ ಗೆಳೆಯನಾದ. 753ರಲ್ಲಿ ಊರಿಗೆ ಹೊರಟರೆ ಹಡಗು ದಿಕ್ಕು ತಪ್ಪಿ ಈಗಿನ ವಿಯೆಟ್ನಾಂ ಕಡೆ ಹೋಯಿತು. ಸತ್ತ ಅಂತ ಸುದ್ದಿ ಬಂದು ಲಿ ಬಾಯ್ ಶೋಕಗೀತೆಯನ್ನೂ ಬರೆದುಬಿಟ್ಟ. ಇವನು ಬದುಕಿ ಚಾಂಗಾನ್‌ಗೇ ಮರಳಿದ, 770ರಲ್ಲಿ ಅಲ್ಲೇ ತೀರಿಕೊಂಡ. ಊರು ಮತ್ತೆ ನೋಡಲೇ ಇಲ್ಲ. "ಯಾವಾಗ ಬರ್ತೀಯೋ?" ಅಂತ ಅಮ್ಮ ದಿನಾ ಫೋನಿನಲ್ಲಿ ಕೇಳುತ್ತಿದ್ದಳು. ನಾನು ಇವನನ್ನು ಓದುತ್ತಲೇ "ಇನ್ನೆರಡು ವಾರ ಅಮ್ಮ" ಅನ್ನುತ್ತಿದ್ದೆ.

ಇನ್ನೊಬ್ಬನ ಬಗ್ಗೆ ಹೇಳಿಬಿಡುತ್ತೇನೆ. 2004ರಲ್ಲಿ ಶಿಯಾನ್‌ನ ಒಂದು ವಿಶ್ವವಿದ್ಯಾಲಯ ಒಂದು ಸಮಾಧಿ ಕಲ್ಲನ್ನು ಜಗತ್ತಿಗೆ ತೋರಿಸಿತು. ಸುಮಾರು ಒಂದೂವರೆ ಅಡಿಯೂ ಇಲ್ಲದ ಚೌಕ. ಅದರ ಮೇಲೆ ಜಪಾನಿನ ವಿದ್ಯಾರ್ಥಿಯೊಬ್ಬನ ಹೆಸರು, ಜಪಾನೀಯರು ಈಗ ಓದುವಂತೆ ಸೇ ಶಿನ್‌ಸೇ. ನಕಮಾರೊ ಬಂದ 717ರ ಹಡಗಿನಲ್ಲೇ ಬಂದವನಿರಬೇಕು ಅಂತ ಹಲವರ ಊಹೆ. 734ರ ಮೊದಲ ತಿಂಗಳಲ್ಲಿ ಸರ್ಕಾರಿ ವಸತಿಯಲ್ಲಿ ತೀರಿಕೊಂಡ, ವಯಸ್ಸು 36. ದೇಹ ಪರದೇಶದಲ್ಲಿ ಹೂತಿದ್ದರೂ ಜೀವ ಊರು ಸೇರಲಿ ಅನ್ನೋ ಅರ್ಥದ ಮಾತು ಕಲ್ಲಿನ ಕೊನೆಯಲ್ಲಿದೆ. ಅವರನ್ನು ಕರೆದೊಯ್ಯೋ ಹಡಗುಗಳು ಆಗಲೇ ಚೀನಾ ಮುಟ್ಟಿದ್ದವು. 717ರ ಇನ್ನೊಬ್ಬ ಹುಡುಗ ಕಿಬಿ ನೊ ಮಕಿಬಿ, ಅದೇ ವರ್ಷದ ಕೊನೆಯಲ್ಲಿ ಪುಸ್ತಕಗಳ ರಾಶಿ ಹೇರಿಕೊಂಡು ಹಡಗು ಹತ್ತಿದ.