ಬಡಾವಣೆಯ ಲಕ್ಷಣ ಮತ್ತು ಅಳತೆಯ ಟೇಪು

‘ಲಕ್ಷಣ’ ಅನ್ನುವ ಮಾತು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ಮನೆ ಲಕ್ಷಣವಾಗಿದೆ ಅಂದರೆ ನೋಡೋಕೆ ಚೆನ್ನಾಗಿದೆ ಅಂತ. ಲಕ್ಷಣಗ್ರಂಥ ಅಂದರೆ ಕಾವ್ಯ ಹೀಗಿರಬೇಕು, ಹೀಗಿರಬಾರದು ಎಂದು ಕಟ್ಟು ಹಾಕುವ ಪುಸ್ತಕ. ಚೆಂದವೂ ಅದೇ, ಕಾಯಿದೆಯೂ ಅದೇ. ದಲಿತ ಬರಹ ಬಂದಾಗ ‘ಇದರಲ್ಲಿ ಕಾವ್ಯಲಕ್ಷಣ ಎಲ್ಲಿದೆ?’ ಎಂದು ಕೇಳಿದವರು ನಮಗೆ ಗೊತ್ತು. ಅದೇ ಪ್ರಶ್ನೆಯನ್ನು ಇಟ್ಟಿಗೆ, ಹುಲ್ಲುಹಾಸು, ಕಾಂಪೌಂಡುಗಳ ಭಾಷೆಯಲ್ಲಿ ಕೇಳಿದ ಚರಿತ್ರೆಯೊಂದು ಅಮೆರಿಕದಲ್ಲಿದೆ. ದಲಿತ ವಿಮರ್ಶೆಯ ಈ ಸಂಚಿಕೆಯಲ್ಲಿ ಅದಕ್ಕೆ ಜಾಗವಿದೆ ಎಂದು ನಾನು ತಿಳಿದಿದ್ದೇನೆ.

ಮಿಸ್ಸೂರಿ ರಾಜ್ಯದ ಕ್ಯಾನ್ಸಾಸ್ ಸಿಟಿಯಲ್ಲಿ ಜೆ.ಸಿ. ನಿಕೋಲ್ಸ್ ಎಂಬ ಬಡಾವಣೆ ವ್ಯಾಪಾರಿ 20ನೇ ಶತಮಾನದ ಮೊದಲ ದಶಕದಿಂದ ‘ಕಂಟ್ರಿ ಕ್ಲಬ್ ಡಿಸ್ಟ್ರಿಕ್ಟ್’ ಕಟ್ಟುತ್ತಾ ಹೋದ. ಬಾಗಿ ಬಳುಕುವ ರಸ್ತೆ, ಸಾಲುಮರ, ಕಾರಂಜಿ, ಯುರೋಪಿನಿಂದ ತಂದ ಶಿಲ್ಪಗಳು. ಆ ಚೆಂದ ಮುಂದೆಯೂ ಕೆಡಬಾರದು ಅಂತ ಆತ ಕ್ರಯಪತ್ರದೊಳಕ್ಕೇ ಷರತ್ತುಗಳನ್ನು ಸೇರಿಸಿದ. ಮನೆಗೆ ಕನಿಷ್ಠ ಇಷ್ಟು ಡಾಲರ್ ಖರ್ಚು ಮಾಡಬೇಕು, ರಸ್ತೆಯಿಂದ ಇಷ್ಟು ಅಡಿ ಹಿಂದೆ ಕಟ್ಟಬೇಕು, ಅಕ್ಕಪಕ್ಕ ಇಷ್ಟು ಜಾಗ ಬಿಡಬೇಕು. ಇದೇ ಪಟ್ಟಿಯಲ್ಲಿ ಇನ್ನೊಂದು ಷರತ್ತು: ಈ ನಿವೇಶನವನ್ನು ಕರಿಯರಿಗೆ ಮಾರಬಾರದು, ಅವರು ಇಲ್ಲಿ ವಾಸಿಸಕೂಡದು. ಕಿಟಕಿಯ ಅಂದ, ಚರ್ಮದ ಬಣ್ಣ ಎರಡೂ ಒಂದೇ ಕಾಗದದ ಮೇಲೆ! ಷರತ್ತಿನ ಅವಧಿ ಮುಗಿದರೆ? ಮಾಲೀಕರು ಮುಂಚೆಯೇ ಬೇಡ ಎನ್ನದಿದ್ದರೆ ಅದು ತಾನೇ ನವೀಕರಣವಾಗುವಂತೆ ಬರೆಸಿದ್ದ.

ಇದು ಒಬ್ಬನ ಕೆಟ್ಟತನವಲ್ಲ. 1917ರಲ್ಲಿ ಲೂಯಿವಿಲ್ ನಗರದ ಒಂದು ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಬಿಳಿಯರ ಬೀದಿ, ಕರಿಯರ ಬೀದಿ ಎಂದು ನಗರಸಭೆಯೇ ಗೆರೆ ಎಳೆಯುವ ಕಾನೂನು ಅದು. ಅದೇ 1917ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿ ಬಂದಿದ್ದ ಅಂಬೇಡ್ಕರ್ ಅವರನ್ನು ಬರೋಡಾದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ಇಲ್ಲಿ ದೊಣ್ಣೆ; ಅಲ್ಲಿ ನಗರಸಭೆಯ ಗೆರೆ ಹೋದಮೇಲೆ ಖಾಸಗಿ ಕ್ರಯಪತ್ರ.

1926ರಲ್ಲಿ ಒಹಾಯೊದ ಯೂಕ್ಲಿಡ್ ಎಂಬ ಉಪನಗರದ ಮೊಕದ್ದಮೆ ಬಂತು. ಒಂಟಿ ಮನೆಗಳ ವಲಯದಲ್ಲಿ ಅಪಾರ್ಟ್‌ಮೆಂಟ್ ಕಟ್ಟಕೂಡದು ಎಂಬ ಜೋನಿಂಗ್ ಸರಿ ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಅಪಾರ್ಟ್‌ಮೆಂಟನ್ನು ಪರೋಪಜೀವಿಗೆ ಹೋಲಿಸಿತು. 1924ರಲ್ಲಿ ಇದನ್ನೇ ತಳ್ಳಿಹಾಕಿದ್ದ ಕೆಳಗಿನ ಕೋರ್ಟಿನ ನ್ಯಾಯಾಧೀಶ ಮಾತ್ರ ಮುಚ್ಚುಮರೆಯಿಲ್ಲದೆ ಬರೆದಿದ್ದ: ಇದರ ಫಲ ಜನರನ್ನು ಆದಾಯದ ಪ್ರಕಾರ ಬೇರೆಬೇರೆ ಮಾಡುವುದೇ.

ಮುಂದೆ 1948ರಲ್ಲಿ, ಮಿಸ್ಸೂರಿಯದೇ ಸೇಂಟ್ ಲೂಯಿಸ್ ನಗರದ ಶೆಲ್ಲಿ ಕುಟುಂಬದ ಮೊಕದ್ದಮೆಯಲ್ಲಿ, ಜನಾಂಗದ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ತೀರ್ಪಾಯಿತು. 1968ರ ಫೇರ್ ಹೌಸಿಂಗ್ ಕಾಯಿದೆ ಇಂಥ ಭೇದವನ್ನೇ ನಿಷೇಧಿಸಿತು. ಚರ್ಮದ ಷರತ್ತು ಬಿತ್ತು. ಅಡಿ, ಡಾಲರು, ಒಂಟಿ ಮನೆ, ದೊಡ್ಡ ನಿವೇಶನ ಇವೆಲ್ಲ ಉಳಿದವು. ತಲೆತಲಾಂತರದಿಂದ ಸಾಲ, ಜಮೀನು, ಒಳ್ಳೆಯ ಕೂಲಿ ಸಿಗದೇ ಹೋದವರನ್ನು ಹೊರಗಿಡೋಕೆ ಅಷ್ಟೇ ಸಾಕಾಗಿತ್ತು.

ಷಿಕಾಗೊ ಬಳಿಯ ಆರ್ಲಿಂಗ್ಟನ್ ಹೈಟ್ಸ್ ಇದಕ್ಕೆ ಸಾಕ್ಷಿ. 1970ರ ಜನಗಣತಿಯಲ್ಲಿ ಅಲ್ಲಿನ ಸುಮಾರು 64,000 ಜನರಲ್ಲಿ ಕರಿಯರು 27. ಕಡಿಮೆ ಆದಾಯದವರಿಗೆ ಮನೆ ಕಟ್ಟಲು ಅಲ್ಲಿ ಅನುಮತಿ ಕೇಳಿದಾಗ, ಇದು ಒಂಟಿ ಮನೆಗಳ ವಲಯ, ಸುತ್ತಲ ಆಸ್ತಿಯ ಬೆಲೆ ಬೀಳುತ್ತದೆ ಎಂದರು. 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನಪ್ಪಾ ಅಂದರೆ, ಪರಿಣಾಮ ತೋರಿಸಿದರೆ ಸಾಲದು, ಭೇದ ಮಾಡುವ ಉದ್ದೇಶ ಇತ್ತೆಂದು ಸಾಬೀತು ಮಾಡಬೇಕು. ಟೇಪಿಗೆ ಎಲ್ಲಿಯ ಉದ್ದೇಶ?

ಗೋಡೆಯಾದರೆ ಕಣ್ಣಿಗೆ ಕಾಣುತ್ತದೆ. ತಮಿಳುನಾಡಿನ ಉತ್ತಪುರಂನಲ್ಲಿ ದಲಿತರನ್ನು ಹೊರಗಿಟ್ಟಿದ್ದ ಗೋಡೆಯ ಒಂದು ಭಾಗವನ್ನು 2008ರಲ್ಲಿ ಹೋರಾಟದ ಒತ್ತಾಯಕ್ಕೆ ಒಡೆಯಲಾಯಿತು. ಸೆಟ್‌ಬ್ಯಾಕನ್ನು ಯಾವ ಹಾರೆಯಿಂದ ಒಡೆಯೋದು?

ನಮ್ಮಲ್ಲೂ 1898ರ ಪ್ಲೇಗಿನ ಹೊತ್ತಿಗೆ ರೂಪುಗೊಂಡ ಬಸವನಗುಡಿಯಲ್ಲಿ ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದರು. ಗಾಳಿ, ಬೆಳಕು, ಆರೋಗ್ಯ ಎಂಬ ಹೊಸ ಮಾತುಗಳ ಜೊತೆಗೇ ಅಗ್ರಹಾರದ ಹಳೆಯ ಲೆಕ್ಕವೂ ಬಂತು. ನಾನು ಬಾಡಿಗೆ ಮನೆ ಹುಡುಕಿ ತಿರುಗಿದಾಗ ಜಾತಿ ಕೇಳಿದವರು ಕಡಿಮೆ. ‘ನಮ್ದು ಡೀಸೆಂಟ್ ಏರಿಯಾ, ನಾನ್‌ವೆಜ್ ಮಾಡ್ತೀರಾ?’ ಅಂದವರೇ ಹೆಚ್ಚು. ಅದಕ್ಕೇ ಆ ದೂರದ ಕ್ರಯಪತ್ರ ನನಗೆ ಪರಕೀಯ ಅನ್ನಿಸೋದಿಲ್ಲ.

ಮರ ಬೇಡ, ಅಗಲ ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ಕೇರಿಯ ಮಗುವಿಗೂ ನೆರಳು ಬೇಕು, ಆಟದ ಬಯಲು ಬೇಕು. ತಕರಾರು ಇರೋದು, ನೆರಳನ್ನು ಉಳಿಸುವ ನೆಪದಲ್ಲಿ ಮನುಷ್ಯರನ್ನು ಸೋಸುವುದರ ಬಗ್ಗೆ. 2018ರಲ್ಲಿ ಮಿನಿಯಾಪೊಲಿಸ್ ನಗರ ಒಂಟಿ ಮನೆಯ ನಿರ್ಬಂಧ ತೆಗೆದು ಮೂರು ಮನೆಗಳ ಕಟ್ಟಡಕ್ಕೂ ಅವಕಾಶ ಕೊಡುವ ಯೋಜನೆ ಒಪ್ಪಿಕೊಂಡಿತು. 2020ರಲ್ಲಿ ಕ್ಯಾನ್ಸಾಸ್ ಸಿಟಿ ತನ್ನ ಕಾರಂಜಿಯಿಂದ, ರಸ್ತೆಯಿಂದ ನಿಕೋಲ್ಸ್ ಹೆಸರನ್ನು ತೆಗೆಯಿತು. ಹೆಸರು ತೆಗೆಯುವುದು ಸುಲಭ. ಮಿನಿಯಾಪೊಲಿಸ್ ಮುಟ್ಟಿದ್ದು ಅಳತೆಯನ್ನು, ಅದು ಕಷ್ಟದ ಕೆಲಸ. ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಯಿತು.

ಈ ಚರಿತ್ರೆಯಿಂದ ನಮ್ಮ ವಿಮರ್ಶೆ ಕಲಿಯಬೇಕಾದ್ದು ಇಷ್ಟು. ಬಡಾವಣೆಯದಾಗಲಿ ಸಾಹಿತ್ಯದ್ದಾಗಲಿ, ಯಾರಾದರೂ ‘ಲಕ್ಷಣ ಕೆಡುತ್ತೆ’ ಅಂದಾಗ ಅವರ ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಅಂತ ವಾದಕ್ಕೆ ಕೂರಬೇಡಿ. ಆ ಅಳತೆಯನ್ನು ಯಾರು ಗೊತ್ತುಮಾಡಿದರು, ಅದರಿಂದ ಯಾರು ಹೊರಗುಳಿದರು, ಎಷ್ಟು ಜನ, ಲೆಕ್ಕ ಕೇಳಿ.