ಅಕ್ಕಿ ಹಡಗಿನ ದಾರಿಯ ತಿಮಿಂಗಿಲ

ಉಡುಪಿ ಬಳಿಯ ಕಲ್ಯಾಣಪುರದ ಹೆದ್ದಾರಿ ಸೇತುವೆಯಿಂದ ಇಣುಕಿದರೆ ಸುವರ್ಣಾ ನದಿ, ತೆಂಗು ತುಂಬಿದ ಕುದ್ರುಗಳು, ಒಂದೆರಡು ದೋಣಿ ಕಾಣುತ್ತವೆ. ಇದು ಹಿಂದೆ ಬಂದರಾಗಿತ್ತು ಎಂದರೆ ನನ್ನ ಇತಿಹಾಸ ತರಗತಿಯ ಮಕ್ಕಳು ಕಣ್ಣರಳಿಸುತ್ತಿದ್ದರು. ಹೊಳೆ ಇಲ್ಲಿಂದ ಕೆಮ್ಮಣ್ಣು ಊರಿನ ಬದಿಗೆ ಹರಿದು, ಕೋಡಿ ಬೆಂಗ್ರೆಯಲ್ಲಿ ಸೀತಾನದಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. 1678ರಲ್ಲಿ, ಕೆಳದಿಯ ಚೆನ್ನಮ್ಮನ ಕಾಲದಲ್ಲಿ, ಪೋರ್ಚುಗೀಸರೊಂದಿಗೆ ಆದ ಒಪ್ಪಂದದಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕ ಊರುಗಳಲ್ಲಿ ನಮ್ಮದೂ ಒಂದು. ಮಿಲಾಗ್ರಿಸ್ ಇಗರ್ಜಿಯ ಚರಿತ್ರೆ ಆ ವರ್ಷದಿಂದಲೇ ಶುರುವಾಗುತ್ತದೆ. ಪೋರ್ಚುಗೀಸರಿಗೆ ಗೋವೆಯ ಊಟಕ್ಕೆ ಕೆನರಾದ ಅಕ್ಕಿ ಬೇಕಿತ್ತು. ಅದೇ ಅಕ್ಕಿ ಅರಬ್ಬಿ ಸಮುದ್ರ ದಾಟಿ ಮಸ್ಕತ್ತಿಗೂ ಹೋಗುತ್ತಿತ್ತು.

ಈ ಅಕ್ಕಿಯ ದಾರಿಯನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅದೇ ಕಡಲನ್ನು ತಿಮಿಂಗಿಲವೂ ದಾಟುತ್ತದೆ ಎಂದು ಜಗತ್ತಿಗೆ ಖಚಿತವಾಗಿ ಗೊತ್ತಾದದ್ದು ತೀರ ಈಚೆಗೆ. 2017ರ ಕೊನೆಗೆ ಒಮಾನಿನ ಕರಾವಳಿಯಲ್ಲಿ ಸಂಶೋಧಕರು ಒಂದು ಹೆಣ್ಣು ಗೂನುಬೆನ್ನಿನ ತಿಮಿಂಗಿಲಕ್ಕೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ ಅಂಟಿಸಿದರು. ಅದಕ್ಕೆ ಲುಬಾನ್ ಎಂದು ಹೆಸರು. ಲುಬಾನ್ ಅರಬ್ಬಿ ಸಮುದ್ರವನ್ನು ಅಡ್ಡ ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂತು, ದಕ್ಷಿಣದ ತುದಿಯವರೆಗೆ ಇಳಿಯಿತು, ಮತ್ತೆ ಒಮಾನಿಗೆ ಮರಳಿತು.

ಬೇರೆ ಕಡಲುಗಳ ಗೂನುಬೆನ್ನಿನ ತಿಮಿಂಗಿಲಗಳು ತಿನ್ನಲು ಧ್ರುವದ ಕಡೆಗೆ, ಹೆರಲು ಬೆಚ್ಚನೆಯ ನೀರಿಗೆ ಎಂದು ಪ್ರತಿವರ್ಷ ವಲಸೆ ಹೋಗುತ್ತವೆ. ನಮ್ಮವು ಹೋಗುವುದಿಲ್ಲ. ಮುಂಗಾರಿನ ಗಾಳಿ ಕಡಲಾಳದ ತಣ್ಣೀರನ್ನು ಮೇಲಕ್ಕೆ ಎಳೆದು ತರುತ್ತದೆ, ಅದರಲ್ಲಿ ಸಣ್ಣ ಜೀವಿಗಳು ಹುಟ್ಟುತ್ತವೆ, ಅವನ್ನು ತಿನ್ನಲು ಮೀನು ಕೂಡುತ್ತದೆ. ಮಳೆಗಾಲ ಮುಗಿದು ಮಲ್ಪೆಯಲ್ಲಿ ಬುಟ್ಟಿಗಟ್ಟಲೆ ಬೂತಾಯಿ ಬೀಳುವುದಕ್ಕೂ, ಈ ತಿಮಿಂಗಿಲಗಳು ವರ್ಷವಿಡೀ ಇಲ್ಲೇ ಉಳಿಯುವುದಕ್ಕೂ ಕಾರಣ ಅದೇ ಮುಂಗಾರು. ಇವು ತಮ್ಮ ಬಳಗದಿಂದ ಬೇರೆಯಾಗಿ ಸುಮಾರು 70,000 ವರ್ಷಗಳಾಗಿವೆ ಎಂದು 2014ರ ವಂಶವಾಹಿ ಅಧ್ಯಯನ ಹೇಳಿತು. ಒಮಾನಿನ ಕಡಲಲ್ಲಿ ಈಗ ಉಳಿದಿರುವುದು ನೂರಕ್ಕೂ ಕಡಿಮೆ ಎಂಬ ಅಂದಾಜಿದೆ.

ಹಿಂದಿನ ಕಾಲದಲ್ಲಿ ಈ ಕಡಲಿನ ತಿಮಿಂಗಿಲವನ್ನು ಕಂಡು ಬರೆದವರಲ್ಲಿ ನನಗೆ ಸಿಕ್ಕವರೆಲ್ಲ ಹೊರಗಿನವರು. ಕ್ರಿ.ಪೂ. 325ರಲ್ಲಿ ಸಿಂಧೂ ಮುಖದಿಂದ ಹೊರಟ ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್, ಮಕ್ರಾನ್ ಕರಾವಳಿಯಲ್ಲಿ ಒಂದು ಬೆಳಗ್ಗೆ ನೀರು ಕಾರಂಜಿಯಂತೆ ಚಿಮ್ಮುವುದನ್ನು ಕಂಡ. ತಿಮಿಂಗಿಲ ಎಂದು ಕೇಳಿದ್ದೇ ತಡ, ಹುಟ್ಟು ಹಾಕುವವರ ಕೈಯಿಂದ ಹುಟ್ಟುಗಳು ಜಾರಿದವು. ಅವನು ಹಡಗುಗಳನ್ನು ಯುದ್ಧಕ್ಕೆಂಬಂತೆ ಸಾಲುಗಟ್ಟಿಸಿ, ಕಹಳೆ ಊದಿಸಿ, ಕೂಗೆಬ್ಬಿಸಿ ಮುನ್ನುಗ್ಗಿಸಿದ. ತಿಮಿಂಗಿಲಗಳು ಮುಳುಗಿ ಹಡಗುಗಳ ಹಿಂದೆ ಎದ್ದವು. ಒಂಬತ್ತನೇ ಶತಮಾನದ ಅರಬ್ ವರ್ತಕರ ವೃತ್ತಾಂತದಲ್ಲೂ ಇದೇ ಭಯ: ರಾತ್ರಿ ಹೊತ್ತು ತಿಮಿಂಗಿಲ ಹಡಗಿಗೆ ಒರಗದಿರಲೆಂದು ನಾವಿಕರು ಸದ್ದು ಮಾಡುತ್ತಲೇ ಇರುತ್ತಿದ್ದರಂತೆ.

ಆರನೇ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸ್ ನಮಗೆ ಇನ್ನೂ ಹತ್ತಿರದವನು. ಅವನು ಹೇಳುವ ‘ಕಲ್ಲಿಯಾನ’ ನಮ್ಮ ಕಲ್ಯಾಣಪುರವೇ ಎಂದು ಊರಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ. ಹೆಚ್ಚಿನ ಇತಿಹಾಸಕಾರರು ಅದನ್ನು ಮುಂಬಯಿ ಬಳಿಯ ಕಲ್ಯಾಣ್ ಎನ್ನುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ಆದರೆ ಅಲ್ಲಿಂದ ಮೆಣಸಿನ ಮಲಬಾರಿಗೆ ಹೋಗುವ ಹಡಗು ನಮ್ಮ ಅಳಿವೆಯ ಮುಂದೆಯೇ ಸಾಗಬೇಕಿತ್ತಲ್ಲ. ತಿಮಿಂಗಿಲದ ನೆಂಟ ಡಾಲ್ಫಿನ್ನಿನ ಬಗ್ಗೆ ಅವನು ಬರೆದಿದ್ದಾನೆ: ಕಡಲಲ್ಲಿ ಸಿಕ್ಕರೆ ಕೊಯ್ದು ತಿನ್ನುತ್ತೇವೆ ಎಂದು.

ಅಂಬರ್‌ಗ್ರೀಸ್ ವಿಷಯಕ್ಕೆ ಬಂದರೆ ಭಯದ ಜಾಗದಲ್ಲಿ ವ್ಯಾಪಾರ ಕಾಣುತ್ತದೆ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಈ ಸುಗಂಧವಸ್ತು ದ್ವೀಪಗಳ ದಡಕ್ಕೆ ತೇಲಿ ಬಂದರೆ, ಲಕ್ಷದ್ವೀಪವನ್ನು ಆಳುತ್ತಿದ್ದ ಕಣ್ಣೂರಿನ ಅರಸುಮನೆಗೆ ಅದರ ಏಕಸ್ವಾಮ್ಯವಿತ್ತು. ಅದೇ ದ್ವೀಪಸಮೂಹದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಓಡಗಳು ತೆಂಗಿನ ನಾರು ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದವು. ಇಂದು ಅಂಬರ್‌ಗ್ರೀಸ್ ಇಟ್ಟುಕೊಳ್ಳುವುದೇ ಅಪರಾಧ. 2021ರಲ್ಲಿ ಮುರ್ಡೇಶ್ವರದ ಮೀನುಗಾರರೊಬ್ಬರು ದಡದಲ್ಲಿ ಸಿಕ್ಕಿದ ತುಂಡನ್ನು ಅರಣ್ಯ ಇಲಾಖೆಗೆ ಒಪ್ಪಿಸಿದ್ದನ್ನು ಓದಿ ನನಗೆ ನಿಜವಾಗಿ ಸಂತೋಷವಾಯಿತು.

ನಿವೃತ್ತಿಯಾದ ಮೇಲೆ ಹೆಂಡತಿಯೊಂದಿಗೆ ಕೊಚ್ಚಿಯಿಂದ ಆ ದ್ವೀಪಗಳಿಗೆ ಹಡಗಿನಲ್ಲಿ ಹೋದೆ. ಬೆಳಗಿನ ತಿಂಡಿಯ ಹೊತ್ತು, ಉಳಿದವರೆಲ್ಲ ಒಳಗಿದ್ದರು. ಮಿನಿಕಾಯ್‌ನ ನಾವಿಕನೊಬ್ಬ ಕೈ ತೋರಿಸಿದ ಕಡೆ ಬಿಳಿಯ ಹಬೆ ಎದ್ದಿತು. ಆಮೇಲೆ ಕಪ್ಪಗೆ ಹೊಳೆಯುವ ಬೆನ್ನು ಬಂತು. ಬಂತು, ಬರುತ್ತಲೇ ಇತ್ತು. ಬಹಳ ಹಿಂದೆ ಒಂದು ಸಣ್ಣ ರೆಕ್ಕೆ ಕಂಡು ಎಲ್ಲವೂ ನೀರಿನೊಳಗಾಯಿತು. ಇನ್ನೊಮ್ಮೆ ಎದ್ದಾಗ ನನ್ನ ಹೆಂಡತಿ ಕಂಬಿ ಬಿಗಿಯಾಗಿ ಹಿಡಿದು ಅಳುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಅದರ ಉಸಿರು ಕೇಳಿಸಲಿಲ್ಲ ಎಂಬ ಕೊರಗು ನನಗೆ ಇನ್ನೂ ಇದೆ. ಆದರೆ ದಿವ್ಯಾ ಪಣಿಕ್ಕರ್ ಎಂಬ ವಿಜ್ಞಾನಿ ಲಕ್ಷದ್ವೀಪದ ನೀರಿನಡಿ ಧ್ವನಿಗ್ರಾಹಕ ಇಟ್ಟು ನೀಲಿ ತಿಮಿಂಗಿಲದ ಹಾಡನ್ನೇ ದಾಖಲಿಸಿದ್ದಾರೆ.

ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ನೋಯಿಸುವ ವರ್ಷ 1966. ಸೋವಿಯತ್ ತಿಮಿಂಗಿಲ ಬೇಟೆಯ ಹಡಗುಗಳು ಅರಬ್ಬಿ ಸಮುದ್ರಕ್ಕೆ ನುಗ್ಗಿ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಹೆಚ್ಚಿನವನ್ನು ಆ ವರ್ಷದ ನವೆಂಬರ್ ತಿಂಗಳೊಂದರಲ್ಲೇ, ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಕಡಲಲ್ಲಿ. ಗಬ್ಬದ ತಾಯಿಗಳೂ ಅವುಗಳಲ್ಲಿದ್ದವು. ಅಂತರರಾಷ್ಟ್ರೀಯ ನಿಯಮ ಮುರಿದು ಮಾಡಿದ ಈ ಬೇಟೆಯನ್ನು ಮುಚ್ಚಿಟ್ಟರು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1997ರಲ್ಲಿ, ಅಲ್ಲಿನವರೇ ಆದ ಜೀವವಿಜ್ಞಾನಿ ಯೂರಿ ಮಿಖಾಲೇವ್ ಲೆಕ್ಕ ಹೊರಗಿಟ್ಟರು. ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಘೋಷಿಸಿದ್ದು 1979ರಲ್ಲಿ. ಆ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಅಷ್ಟು ದೊಡ್ಡ ಕೊಲೆ ನಡೆದಾಗ ನಮ್ಮ ಕರಾವಳಿಗೆ ಸುದ್ದಿಯೇ ಇರಲಿಲ್ಲ.

ನಮ್ಮ ನೆರೆಯ ತಾಂಡೇಲರೊಬ್ಬರು ಮಲ್ಪೆಯಿಂದ ಆಳಸಮುದ್ರಕ್ಕೆ ಬೋಟು ಒಯ್ಯುತ್ತಾರೆ. ‘ಮಾಷ್ಟ್ರೇ, ರತ್ನಗಿರಿ ಕಡೆ ಹೋದಾಗ ನಾವು ಕಾಣುವುದುಂಟು. ಕಂಡರೆ ಬಲೆ ಎಳೆದುಕೊಂಡು ದೂರ ಸರಿಯುತ್ತೇವೆ’ ಎಂದರು. ಎಲ್ಲಿಯಾದರೂ ಬರೆದಿಟ್ಟಿದ್ದೀರಾ ಎಂದು ಕೇಳಿದೆ. ‘ಬರೆದು ಯಾರಿಗೆ ಕೊಡುವುದು?’ ಎಂದರು.

ಮಂಗಳೂರಿನಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಅವರಿಗೆ ಕೊಡಿ. ದಿನ, ಹೊತ್ತು, ಜಿಪಿಎಸ್ಸಿನ ಅಂಕಿ, ಬೆನ್ನಿನ ಆಕಾರ, ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಚಿತ್ರ ಇದ್ದರೆ ಸಾಕು. ರಜೆಗೆ ಹಡಗು ಹತ್ತುವವರೂ ಇಷ್ಟನ್ನು ಮಾಡಬಹುದು. ಹಡಗನ್ನು ತಿಮಿಂಗಿಲದ ಹತ್ತಿರ ಒಯ್ಯಿರಿ ಎಂದು ಮಾತ್ರ ಯಾರನ್ನೂ ಒತ್ತಾಯಿಸಬೇಡಿ.